ಅಕ್ಟೋಬರ್ ಕೊನೆಗೆ ಸಿಕ್ಕ ಸೂರ್ಯನ ಕುದುರೆ ಮರಿ: ಯಾವ ಜಾತಿ?

ಪ್ರಶ್ನೆ:
ಸ್ಥಳ ದಕ್ಷಿಣ ಫ್ರಾನ್ಸ್, ಒಣಹುಲ್ಲು, ಕುರುಚಲು ಗಿಡಗಳಿರುವ ಇಳಿಜಾರು. ಉದ್ದ ಸುಮಾರು 2 ಸೆಂ.ಮೀ., ಕಂದು ಬಣ್ಣ, ರೆಕ್ಕೆಯಿಲ್ಲ. ಹೊಟ್ಟೆಯ ಭಾಗ ಬೆನ್ನ ಮೇಲಕ್ಕೆ ಮಡಚಿದೆ. ತಲೆಯ ಮೇಲೆ ಕೊಂಬಿನಂಥದ್ದೊಂದು ಇದೆ. ಈ ಹೊತ್ತಿಗೆ ಎಲ್ಲವೂ ಬಲಿತು ಮೊಟ್ಟೆಯಿಟ್ಟಿರಬೇಕಲ್ಲವೇ? ಮನೆಯೊಳಗೆ ತಂದರೆ ಬದುಕೀತೇ?

ಉತ್ತರ 1:
ಕೊಂಬು ಎಂದಿರಲ್ಲ, ಅಲ್ಲಿಗೆ ಮುಕ್ಕಾಲು ಉತ್ತರ ಸಿಕ್ಕಿತು. ಎಂಪೂಸಾ ಪೆನ್ನಾಟಾ. ಇದರ ಮರಿಯನ್ನು ಫ್ರೆಂಚರು 'ದ್ಯಾಬ್ಲೊತಾಂ', ಅಂದರೆ ಪುಟ್ಟ ದೆವ್ವ ಎನ್ನುತ್ತಾರೆ. ಮರಿ ತಡವಾಗಿ ಹುಟ್ಟಿದ್ದಲ್ಲ. ಸಾಮಾನ್ಯ ಸೂರ್ಯನ ಕುದುರೆಯಾದ ಮಾಂಟಿಸ್ ರಿಲಿಜಿಯೋಸಾ ಮೊಟ್ಟೆಗೂಡಿನಲ್ಲಿ ಚಳಿಗಾಲ ಕಳೆದರೆ, ಎಂಪೂಸಾ ಬೇಸಿಗೆಯಲ್ಲಿ ಮೊಟ್ಟೆಯೊಡೆದು, ಮರಿಯಾಗಿಯೇ ಚಳಿ ದಾಟಿ, ವಸಂತದಲ್ಲಿ ರೆಕ್ಕೆ ಪಡೆಯುತ್ತದೆ. ನಡು ಮತ್ತು ಹಿಂಗಾಲುಗಳ ತೊಡೆಯ ತುದಿಯಲ್ಲಿ, ಮಂಡಿಯ ಹತ್ತಿರ, ಎಲೆಯಂಥ ಸಣ್ಣ ಚಾಚು ಕಂಡರೆ ಅನುಮಾನವೇ ಬೇಡ.

ಉತ್ತರ 2:
ಮಡಚಿದ ಹೊಟ್ಟೆಯೊಂದನ್ನೇ ನಂಬಬೇಡಿ. ಅಮೆಲೆಸ್ ಸ್ಪಲ್ಲಾಂಜಾನಿಯಾ ಎಂಬ ಇನ್ನೊಂದು ಜಾತಿಯ ಸೂರ್ಯನ ಕುದುರೆಯ ಮರಿಯೂ ಹಾಗೇ ಮಡಚುತ್ತದೆ. ಅದಕ್ಕೆ ನೆತ್ತಿಯ ಕೊಂಬಿಲ್ಲ, ಕಣ್ಣುಗಳೇ ಶಂಕುವಿನಂತೆ ಚೂಪು. ಅದರ ಹೆಣ್ಣಿಗೆ ಬಲಿತ ಮೇಲೂ ರೆಕ್ಕೆ ಗಿಡ್ಡವೇ, ಹಾಗಾಗಿ ಎಷ್ಟೋ ಮಂದಿ ಅದನ್ನು ಮರಿಯೆಂದೇ ತಿಳಿಯುತ್ತಾರೆ. ಚಿತ್ರ ತೆಗೆಯುವಾಗ ಮುಖ ಎದುರಿನಿಂದ ಒಂದು, ಪಕ್ಕದಿಂದ ಒಂದು, ಮುಂಗಾಲಿನ ಬುಡದ ಒಳಮೈ ಒಂದು. ಆ ಒಳಮೈಯಲ್ಲಿ ಕಪ್ಪು ಚುಕ್ಕೆ, ಅದರ ನಡುವೆ ಬಿಳಿ ಇದ್ದರೆ ಮಾಂಟಿಸ್ ರಿಲಿಜಿಯೋಸಾ. ಕಾಲು ಹಿಡಿದು ಎತ್ತಬೇಡಿ, ಕಳಚಿ ಬರುತ್ತದೆ. ಗಾಜಿನ ಲೋಟ ಮುಚ್ಚಿ, ಅಡಿಗೆ ಕಾಗದ ಸರಿಸಿ.

ಪ್ರಶ್ನೆ ಕೇಳಿದವರು:
ಕಣ್ಣು ದುಂಡಗಿದೆ, ಕೊಂಬು ನೆತ್ತಿಯ ನಡುವೆಯೇ. ಮಂಡಿಯ ಹತ್ತಿರ ಚಾಚೂ ಇದೆ. ಎಂಪೂಸಾ ಫ್ಯಾಸಿಯಾಟಾ ಆಗಿರಬಹುದೇ?

ಉತ್ತರ 1:
ಅದು ಇಟಲಿ, ಬಾಲ್ಕನ್ ಕಡೆಯದು. ಮರಿಗಳನ್ನು ಚಿತ್ರ ನೋಡಿ ಬೇರೆಮಾಡುವುದು ಕಷ್ಟ, ಸಿಕ್ಕ ಜಾಗವೇ ಇಲ್ಲಿ ಸಾಕ್ಷಿ. ನಿಮ್ಮದು ಪೆನ್ನಾಟಾ.

ಉತ್ತರ 3:
ಒಳಗೆ ತರಬೇಡಿ. ಬೆಚ್ಚಗಿದ್ದರೆ ಬೇಗ ಬೇಗ ಪೊರೆ ಬಿಟ್ಟು ನಡುಚಳಿಗಾಲದಲ್ಲೇ ಬಲಿಯುತ್ತದೆ. ಆಗ ಹೊರಗೆ ಜೋಡಿಯೂ ಇಲ್ಲ, ನೊಣವೂ ಇಲ್ಲ. ಹಾರುವ ಬೇಟೆಯೇ ಇದಕ್ಕೆ ಇಷ್ಟ, ನೆಲದ ಹುಳು ಕೊಟ್ಟರೆ ಹೆಚ್ಚಾಗಿ ಮುಟ್ಟದು. ಸಿಕ್ಕ ಪೊದೆಯಲ್ಲೇ, ಬಿಸಿಲು ಬೀಳುವ ಬದಿಗೆ ಬಿಡಿ. ಚಳಿಯಲ್ಲಿ ದಿನಗಟ್ಟಲೆ ಅಲುಗದೆ ಕೂತರೆ ಸತ್ತಿದೆ ಎಂದುಕೊಳ್ಳಬೇಡಿ.