ಅಪ್‌ಡೇಟ್: ಒಂದು 4–20 ಮಿಲಿಆಂಪ್ ಸಿಗ್ನಲ್, ಮೂರು ಉಪಕರಣ. ಸರಿಹೋಯ್ತು!

ಎಲ್ಲರಿಗೂ ನಮಸ್ಕಾರ. ಕಾರವಾರದ ನಮ್ಮ ಐಸ್ ಪ್ಲಾಂಟಿನಲ್ಲಿ ನೀರಿನ ಟ್ಯಾಂಕಿಗೆ ಲೆವೆಲ್ ಟ್ರಾನ್ಸ್‌ಮಿಟರ್ (ನೀರಿನ ಮಟ್ಟವನ್ನು ಕರೆಂಟ್ ಸಿಗ್ನಲ್ ಆಗಿ ಕಳಿಸುವ ಉಪಕರಣ; ಖಾಲಿ ಅಂದರೆ 4, ಪೂರ್ತಿ ತುಂಬಿದರೆ 20 ಮಿಲಿಆಂಪ್) ಒಂದೇ, ಅದರ ಸಿಗ್ನಲ್ ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್), ರೆಕಾರ್ಡರ್, ಡಿಸ್‌ಪ್ಲೇ ಮೂರಕ್ಕೂ ಬೇಕು, ಹೇಗೆ ಕೊಡೋದು ಅಂತ ಇಲ್ಲಿ ಕೇಳಿದ್ದೆ. ಮೂರನ್ನೂ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದರಂತೆ) ಜೋಡಿಸಿದ್ದೆ. ಟ್ಯಾಂಕ್ ತುಂಬಿ ಚೆಲ್ಲುತ್ತಿದ್ದರೂ ಡಿಸ್‌ಪ್ಲೇ ಶೇ. 75ರಲ್ಲೇ ನಿಲ್ಲುತ್ತಿತ್ತು, ಪಂಪ್ ಆಫ್ ಆಗುತ್ತಿರಲಿಲ್ಲ.

ನೀವು ಹೇಳಿದಂತೆ ಲೆಕ್ಕ ಹಾಕಿದೆ. ಒಂದೊಂದು ಉಪಕರಣದ ರೆಸಿಸ್ಟೆನ್ಸ್ 250 ಓಮ್, ಒಟ್ಟು 750. 20 ಮಿಲಿಆಂಪ್ ಹರಿಯಬೇಕಾದರೆ ಅಲ್ಲೇ 15 ವೋಲ್ಟ್ ಹೋಗುತ್ತೆ, ಪವರ್ ಸಪ್ಲೈ ಕೊಡುವ 24ರಲ್ಲಿ ಉಳಿಯೋದು 9. ಈ ಟ್ರಾನ್ಸ್‌ಮಿಟರ್‌ಗೆ ಕನಿಷ್ಠ 12 ಬೇಕು. ಹಾಗಾಗಿ 16 ಮಿಲಿಆಂಪ್ ದಾಟಲು ಅದಕ್ಕೆ ಆಗ್ತಿರಲಿಲ್ಲ. 16 ಅಂದರೆ ಸರಿಯಾಗಿ ಶೇ. 75! ಮೀಟರ್‌ನಲ್ಲೂ ಅದೇ ಸಿಕ್ಕಿತು.

ಪ್ಯಾರಲಲ್ ಮಾಡಿ ಅಂದವರೂ ಇದ್ದರು. ದಯವಿಟ್ಟು ಯಾರೂ ಮಾಡಬೇಡಿ, ಕರೆಂಟ್ ಹಂಚಿಹೋಗಿ ಮೂರೂ ತಪ್ಪು ತೋರಿಸುತ್ತವೆ.

ಕೊನೆಗೆ ಒಂದು ಇನ್‌ಪುಟ್, ಎರಡು ಔಟ್‌ಪುಟ್ ಇರುವ ಐಸೋಲೇಟರ್ (ಒಂದು ಸಿಗ್ನಲ್ ತಗೊಂಡು ಅದರ ಪ್ರತಿಯನ್ನು ಬೇರೆ ಬೇರೆಯಾಗಿ ಕೊಡುವ ಸಾಧನ) ಹಾಕಿದೆ. ಟ್ರಾನ್ಸ್‌ಮಿಟರ್‌ನ ಲೂಪಿನಲ್ಲಿ (ಸರ್ಕ್ಯೂಟ್‌ನಲ್ಲಿ) ಈಗ ಡಿಸ್‌ಪ್ಲೇ ಮತ್ತು ಐಸೋಲೇಟರ್ ಮಾತ್ರ. ಪಿಎಲ್‌ಸಿ, ರೆಕಾರ್ಡರ್‌ಗೆ ಬೇರೆ ಬೇರೆ ಔಟ್‌ಪುಟ್, ಹಾಗಾಗಿ ಒಂದರ ವೈರ್ ಬಿಚ್ಚಿದರೂ ಇನ್ನೊಂದು ಅಲುಗಾಡಲ್ಲ. ಒಂದು ಎಚ್ಚರಿಕೆ: ಐಸೋಲೇಟರ್‌ನ ಔಟ್‌ಪುಟ್ ತಾನೇ ಕರೆಂಟ್ ಕೊಡುವ ಬಗೆಯದ್ದಾದರೆ ಪಿಎಲ್‌ಸಿ ಕಡೆಯಿಂದ ಬರುವ 24 ವೋಲ್ಟ್ ತೆಗೆಯಲೇಬೇಕು. ಅರ್ಧ ದಿನ ಅಲ್ಲೇ ಹೋಯ್ತು.

ಬಾಕ್ಸ್ ತೆರೆದಾಗ ಟರ್ಮಿನಲ್‌ಗಳು ಉಪ್ಪುಗಾಳಿಗೆ ಹಸಿರುಗಟ್ಟಿದ್ದವು. ವೈರಿನ ತುದಿ ಕತ್ತರಿಸಿ ಹೊಸದಾಗಿ ಲಗ್ (ವೈರ್ ತುದಿಯ ಲೋಹದ ತುಣುಕು) ಒತ್ತಿದೆ, ಕೇಬಲ್ ಗ್ಲ್ಯಾಂಡ್ (ಕೇಬಲ್ ಬಾಕ್ಸ್ ಒಳಹೋಗುವ ಜಾಗದ ಸೀಲ್) ಬಿಗಿ ಮಾಡಿದೆ.

ನಿನ್ನೆ ಟ್ಯಾಂಕ್ ತುಂಬಿತು. ಮೂರರಲ್ಲೂ ಶೇ. 100. ಪಂಪ್ ತಾನಾಗಿ ನಿಂತಿತು. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ.