ಪ್ರತಿ ಪ್ರಶ್ನೆಗೂ ‘ತೃಪ್ತಿಕರ’ ಎಂದು ಬರೆಯುವ ಸ್ವಯಂ ಮೌಲ್ಯಮಾಪನದಿಂದ ಶಾಖೆಗೆ ಏನು ಪ್ರಯೋಜನ?

ಪ್ರಶ್ನೆ (ಶಾಖಾ ಅಧಿಕಾರಿ):
ಮಾನ್ಯರೇ, ನಾನು ದೊಡ್ಡ ಬ್ಯಾಂಕೊಂದರ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಾರ್ಯಾಚರಣಾ ಅಪಾಯದ (ದಿನನಿತ್ಯದ ಕೆಲಸದಲ್ಲಿನ ಲೋಪ, ವಂಚನೆಗಳಿಂದ ನಷ್ಟವಾಗುವ ಅಪಾಯದ) ಸ್ವಯಂ ಮೌಲ್ಯಮಾಪನದ ನಮೂನೆಯನ್ನು ಭರ್ತಿ ಮಾಡುವ ಹೊಣೆ ಈ ಬಾರಿ ನನಗೆ ಬಂದಿದೆ. ಹಳೆಯ ನಮೂನೆಗಳನ್ನು ತೆಗೆದು ನೋಡಿದರೆ, ಬೀಗದ ಕೈಗಳ ಜಂಟಿ ವಶದಿಂದ ಹಿಡಿದು ಸಸ್ಪೆನ್ಸ್ ಖಾತೆಯ (ಯಾವ ಲೆಕ್ಕಕ್ಕೆ ಸೇರಬೇಕೆಂದು ತೀರ್ಮಾನವಾಗದ ಮೊತ್ತಗಳನ್ನು ತಾತ್ಕಾಲಿಕವಾಗಿ ಇಡುವ ಖಾತೆಯ) ಬಾಕಿ ನಮೂದುಗಳ ವಿಲೇವಾರಿಯವರೆಗೆ ಪ್ರತಿ ಪ್ರಶ್ನೆಯ ಎದುರೂ ‘ತೃಪ್ತಿಕರ’ ಎಂದೇ ಇದೆ. ಆದರೆ ಸಿಬ್ಬಂದಿ ಕಡಿಮೆಯಿರುವ ದಿನ ಚೆಕರ್, ಅಂದರೆ ಇನ್ನೊಬ್ಬರು ಮಾಡಿದ ನಮೂದನ್ನು ಪರಿಶೀಲಿಸಬೇಕಾದವರು, ವೋಚರನ್ನು (ವಹಿವಾಟಿನ ಆಧಾರಪತ್ರವನ್ನು) ನೋಡದೆಯೇ ಅನುಮೋದಿಸುವುದು ನಮ್ಮಲ್ಲಿ ನಡೆಯುತ್ತದೆ. ಇರುವುದನ್ನು ಇರುವಂತೆಯೇ ಬರೆಯಬೇಕೆಂಬುದು ನನ್ನ ಇಚ್ಛೆ. ಹಾಗೆ ಬರೆದರೆ ಅಪಾಯ ನಿರ್ವಹಣಾ ವಿಭಾಗ ಅದನ್ನು ಹೇಗೆ ತೆಗೆದುಕೊಳ್ಳುತ್ತದೆ? ನಿಜಕ್ಕೂ ಕಾಪಾಡುವ ನಿಯಂತ್ರಣ ಯಾವುದು?

ಉತ್ತರ 1 (ನಿವೃತ್ತ ತಪಾಸಣಾ ಅಧಿಕಾರಿ):
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. 2018ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣವನ್ನು ನೆನಪಿಸಿಕೊಳ್ಳಿ. ಮುಂಬೈನ ಬ್ರಾಡಿ ಹೌಸ್ ಶಾಖೆಯಿಂದ ವಿದೇಶದಲ್ಲಿರುವ ಭಾರತೀಯ ಬ್ಯಾಂಕ್‌ಗಳ ಶಾಖೆಗಳಿಗೆ ಸ್ವಿಫ್ಟ್ (ಬ್ಯಾಂಕ್‌ಗಳ ನಡುವಿನ ಅಂತರರಾಷ್ಟ್ರೀಯ ಸಂದೇಶ ಜಾಲ) ಮೂಲಕ ಹೊಣೆಪತ್ರಗಳ, ಅಂದರೆ ಗ್ರಾಹಕ ಪಡೆಯುವ ಸಾಲಕ್ಕೆ ಬ್ಯಾಂಕ್ ಕೊಡುವ ಖಾತರಿಗಳ, ಸಂದೇಶ ಹೋಗುತ್ತಿತ್ತು. ಬ್ಯಾಂಕಿನ ಎಲ್ಲ ಲೆಕ್ಕಗಳಿರುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆಯಲ್ಲಿ ಮಾತ್ರ ಅದರ ನಮೂದು ಇರಲಿಲ್ಲ. ಆಗ ಆ ಎರಡು ವ್ಯವಸ್ಥೆಗಳಿಗೆ ಪರಸ್ಪರ ಜೋಡಣೆ ಇಲ್ಲದ ಕಾರಣ, ಕೋರ್ ಬ್ಯಾಂಕಿಂಗ್‌ನ ವರದಿಗಳನ್ನಷ್ಟೇ ನೋಡುವವರ ಕಣ್ಣಿಗೆ ಆ ಹೊಣೆ ಬೀಳುವಂತೆಯೇ ಇರಲಿಲ್ಲ. ಬ್ಯಾಂಕ್ ಮೊದಲು ಪ್ರಕಟಿಸಿದ ಮೊತ್ತವೇ ಸುಮಾರು 11,400 ಕೋಟಿ ರೂಪಾಯಿ.

ಸ್ವಿಫ್ಟ್‌ನಲ್ಲಿಯೂ ಮೇಕರ್ (ನಮೂದು ಮಾಡುವವರು), ಚೆಕರ್ ಎಂಬ ಹಂತಗಳು ಇದ್ದವು ಎಂಬುದನ್ನು ಗಮನಿಸಿ. ಇಬ್ಬರೂ ಒಂದೇ ಮೇಜಿನವರಾಗಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಒತ್ತುವವರಾದರೆ ಆ ಹಂತಗಳಿಗೆ ಬೆಲೆಯಿಲ್ಲ. ಕಾಪಾಡಬಹುದಾಗಿದ್ದದ್ದು ತಾಳೆ ನೋಡುವ ಕೆಲಸ: ಕಳುಹಿಸಿದ ಪ್ರತಿ ಸಂದೇಶವನ್ನೂ ಕೋರ್ ಬ್ಯಾಂಕಿಂಗ್ ನಮೂದಿನೊಡನೆ, ನಾಸ್ಟ್ರೋ ಖಾತೆಗೆ (ವಿದೇಶಿ ಬ್ಯಾಂಕಿನಲ್ಲಿ ನಮ್ಮ ಬ್ಯಾಂಕ್ ಇಟ್ಟಿರುವ ಖಾತೆಗೆ) ಬಂದುಹೋದ ಹಣದೊಡನೆ, ಆ ಶಾಖೆಗೆ ಸಂಬಂಧವೇ ಇಲ್ಲದ ವ್ಯಕ್ತಿ ದಿನದಿನವೂ ಹೋಲಿಸಬೇಕಿತ್ತು. ಮಾಡುವವನ ಕೈಗೆ ಸಿಗದ ಇನ್ನೊಂದು ದಾಖಲೆಯೊಡನೆ ಹೋಲಿಕೆ ನಡೆಯುವ ಕಡೆ ಮಾತ್ರ ನಾನು ನಿಯಂತ್ರಣ ಇದೆ ಎಂದು ಒಪ್ಪುತ್ತೇನೆ. 1995ರಲ್ಲಿ ಬ್ರಿಟನ್ನಿನ ಬ್ಯಾರಿಂಗ್ಸ್ ಬ್ಯಾಂಕ್ ಮುಳುಗಿದ್ದಕ್ಕೂ ಇದೇ ಮೂಲ. ಸಿಂಗಪುರದಲ್ಲಿ ವಹಿವಾಟು ನಡೆಸುವವನ ಕೈಯಲ್ಲೇ ಲೆಕ್ಕ ತೀರಿಸುವ ವಿಭಾಗವೂ ಇತ್ತು.

ಉತ್ತರ 2 (ಅಪಾಯ ನಿರ್ವಹಣಾ ವಿಭಾಗ, ಪ್ರಧಾನ ಕಚೇರಿ):
ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಮೊದಲ ಪ್ರಶ್ನೆಗೆ ನಮ್ಮ ವಿಭಾಗದ ಕಡೆಯಿಂದ ಉತ್ತರಿಸುತ್ತೇನೆ. ಎಲ್ಲವೂ ತೃಪ್ತಿಕರವಾಗಿರುವ ನಮೂನೆ ಬಂದಾಗ, ಅದೇ ಶಾಖೆಯ ಕನ್‌ಕರೆಂಟ್ ಆಡಿಟ್ (ವಹಿವಾಟು ನಡೆಯುತ್ತಿರುವಾಗಲೇ ಮಾಡುವ ಲೆಕ್ಕ ತಪಾಸಣೆ) ವರದಿಯನ್ನೂ ನಷ್ಟದ ಘಟನೆಗಳ ದಾಖಲೆಯನ್ನೂ ಪಕ್ಕದಲ್ಲಿಟ್ಟು ನೋಡುವುದು ನಮ್ಮ ಕರ್ತವ್ಯ. ಅಲ್ಲಿ ಲೋಪಗಳಿದ್ದು ಇಲ್ಲಿ ಇಲ್ಲವಾದರೆ ನಮಗೆ ಅನುಮಾನ ಬರುವುದು ನಮೂನೆ ತುಂಬಿದವರ ಮೇಲೆಯೇ. ಆದ್ದರಿಂದ ‘ಚೆಕರ್ ಪರಿಶೀಲನೆ ದುರ್ಬಲ’ ಎಂದು ಬರೆಯಲು ಹಿಂಜರಿಯಬೇಡಿ. ಕಾರಣವನ್ನೂ ಬರೆಯಿರಿ: ಯಾವ ದಿನಗಳಲ್ಲಿ, ಯಾವ ಬಗೆಯ ವಹಿವಾಟಿನಲ್ಲಿ, ಎಷ್ಟು ಜನರ ಕೊರತೆಯಿಂದ ಹೀಗಾಗುತ್ತದೆ ಎಂಬ ವಿವರವಿದ್ದರೆ ಮಾತ್ರ ನಾವು ಸಿಬ್ಬಂದಿ ವಿಭಾಗದೊಡನೆ ವಾದಿಸಬಲ್ಲೆವು. ನಷ್ಟವಾಗದೆ ಕೂದಲೆಳೆಯಲ್ಲಿ ತಪ್ಪಿದ ಪ್ರಸಂಗಗಳನ್ನೂ ದಾಖಲಿಸಿ. ಅವುಗಳನ್ನು ವರದಿ ಮಾಡಿದವರಿಗೇ ವಿವರಣೆ ಕೇಳುವ ನೋಟಿಸ್ ಕೊಡುವ ಅಭ್ಯಾಸ ಎಲ್ಲಿದೆಯೋ ಅಲ್ಲಿ ಮುಂದೆ ಯಾರೂ ಏನನ್ನೂ ಹೇಳುವುದಿಲ್ಲ, ಮತ್ತು ಆ ಮೌನಕ್ಕೆ ಪ್ರಧಾನ ಕಚೇರಿಯೇ ಹೊಣೆ ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸಸ್ಪೆನ್ಸ್ ಖಾತೆಯ ಹಳೆಯ ಬಾಕಿಗಳನ್ನು ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಅವರು ಪ್ರಾಮಾಣಿಕರು, ರಜೆಯನ್ನೂ ತೆಗೆದುಕೊಳ್ಳುವುದಿಲ್ಲ. ಇದನ್ನು ಬರೆದರೆ ಅವರನ್ನು ಅವಮಾನಿಸಿದಂತಾಗದೇ?

ಉತ್ತರ 1 (ಮುಂದುವರಿದು):
ಖಂಡಿತ ಆಗುವುದಿಲ್ಲ. ಮುಚ್ಚಿಟ್ಟ ಲೋಪವೇನಾದರೂ ಇದ್ದರೆ ಬೇರೆಯವರ ಕಣ್ಣಿಗೆ ಬೀಳಲೆಂದೇ, ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಕೊಡದೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನಗಳ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಸೂಚಿಸಿದೆ. ಆ ಅವಧಿಯಲ್ಲಿ ಅವರಿಗೆ ಬ್ಯಾಂಕಿನ ಇಮೇಲ್ ಬಿಟ್ಟರೆ ಕೆಲಸಕ್ಕೆ ಸಂಬಂಧಿಸಿದ ಯಾವ ವ್ಯವಸ್ಥೆಯೂ ತೆರೆಯಬಾರದು. ನಿಮ್ಮ ಬ್ಯಾಂಕಿನ ಸೂಕ್ಷ್ಮ ಹುದ್ದೆಗಳ ಪಟ್ಟಿಯಲ್ಲಿ ಆ ಕೆಲಸ ಸೇರಿದೆಯೇ ನೋಡಿ. ಸೇರದಿದ್ದರೂ ವ್ಯಕ್ತಿಯ ಹೆಸರು ಹಾಕದೆ, ‘ಈ ಕೆಲಸಕ್ಕೆ ಬದಲಿ ವ್ಯಕ್ತಿ ಇಲ್ಲ, ಸರದಿ ವರ್ಗಾವಣೆ ಆಗಿಲ್ಲ’ ಎಂದಷ್ಟೇ ಬರೆಯಿರಿ. ಬದಲಿಗೆ ಬಂದವರು ಮೊದಲು ಮಾಡಬೇಕಾದದ್ದು, ಅತಿ ಹಳೆಯ ಬಾಕಿಯಿಂದ ಆರಂಭಿಸಿ ಪ್ರತಿ ನಮೂದಿಗೂ ಮೂಲ ವೋಚರ್ ಹುಡುಕುವುದು.