ಹೈದರಾಬಾದ್ ರಾಡಾರ್‌ನಾಗ ಕಲಬುರಗಿ ಮೇಲಿನ ವಲಸೆ ಹಕ್ಕಿ ಯಾಕ ಕಾಣಂಗಿಲ್ಲ?

ಪ್ರಶ್ನೆ (ಕಲಬುರಗಿ)
ಅಕ್ಟೋಬರ್‌ನಾಗ ರಾತ್ರಿ 7ರಿಂದ 11ರ ತನಕ ಹವಾಮಾನ ಇಲಾಖೆಯ ಹೈದರಾಬಾದ್ ರಾಡಾರ್ ನೋಡ್ಲಿಕತ್ತೀನಿ, ಮ್ಯಾಕ್ಸ್-ಝಡ್ ಚಿತ್ರ (ಪ್ರತಿಧ್ವನಿಯ ಗರಿಷ್ಠ ಬಲ ತೋರ್ಸೋದು). ಮಳಿ ಇಲ್ಲದ ರಾತ್ರಿ ಹೈದರಾಬಾದ್ ಸುತ್ತ ದುಂಡಗ ತೆಳು ಬಣ್ಣ ಬರ್ತದ, ನಮ್ಮ ಕಡಿ ಖಾಲಿ. ಆ ದುಂಡು ಹಕ್ಕೀನೋ ಹುಳಾನೋ?

ಉತ್ತರ (ಬೀದರ್)
ಹಕ್ಕಿ ಇಲ್ಲ ಅಂತಲ್ಲ ಸರ, ರಾಡಾರ್ ಕಿರಣ ಅವುಗಳ ಮೇಲಿಂದ ಹೋಗ್ತಿದೆ. ಕಿರಣದ ಎತ್ತರ ಲೆಕ್ಕ ಹಾಕಿ ನೋಡ್ರಿ: ದೂರವನ್ನು (ಕಿ.ಮೀ.) ಕಿರಣ ನೆಲಮಟ್ಟದಿಂದ ಮೇಲೆದ್ದ ಕೋನದ ಸೈನ್‌ನಿಂದ ಗುಣಿಸಿ, ಅದಕ್ಕೆ ದೂರದ ವರ್ಗವನ್ನು 17,000ದಿಂದ ಭಾಗಿಸಿ ಬಂದದ್ದನ್ನು ಕೂಡಿಸಿ. ಕೋನ 0.5 ಡಿಗ್ರಿ ಇದ್ದರೆ ಸುಮಾರು 110 ಕಿ.ಮೀ. ದೂರದ ಬೀದರ್ ಮೇಲೆ ಕಿರಣದ ನಡು 1.7 ಕಿ.ಮೀ. ಎತ್ತರ, 175 ಕಿ.ಮೀ. ದೂರದ ಕಲಬುರಗಿ ಮೇಲೆ 3.3 ಕಿ.ಮೀ. ಕಿರಣ 1 ಡಿಗ್ರಿ ಅಗಲ ಅಂದುಕೊಂಡರೂ ನಿಮ್ಮಲ್ಲಿ ಅದರ ಕೆಳ ಅಂಚೇ 1.8 ಕಿ.ಮೀ. ಮೇಲಿರುತ್ತೆ. ರಾತ್ರಿ ಹಾರುವ ಹಕ್ಕಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಕೆಳಗೆ. ಹೈದರಾಬಾದ್‌ನಿಂದ ನಮ್ಮ ಕಡೆ ಬರೋ ದಾರಿಯ ಸದಾಶಿವಪೇಟೆ ತನಕದ ಪ್ರತಿಧ್ವನಿ ನಂಬಬಹುದು; ಜಹೀರಾಬಾದ್ ದಾಟಿದರೆ ಸಿಗೋದು ಮೇಲ್ಪದರ ಅಷ್ಟೇ.

ಮ್ಯಾಕ್ಸ್-ಝಡ್ ಬಿಡಿ. ಅದು ಎಲ್ಲಾ ಎತ್ತರದ ಗರಿಷ್ಠವನ್ನು ಒಂದೇ ಚಿತ್ರಕ್ಕೆ ಒತ್ತುತ್ತೆ. ಒಂದೇ ಕೋನದ ಸುತ್ತಿನ ಪಿಪಿಐ-ಝಡ್ (ಪ್ರತಿಧ್ವನಿಯ ಬಲ), ಪಿಪಿಐ-ವಿ (ರಾಡಾರ್ ಕಡೆಗೆ ಬರುವ ಇಲ್ಲವೇ ದೂರ ಹೋಗುವ ವೇಗ) ಎರಡನ್ನೂ ಜೊತೆಗಿಟ್ಟು ನೋಡಿ. ಬಣ್ಣದ ಪಟ್ಟಿ ಎಲ್ಲಿಂದ ಶುರು ಅಂತಲೂ ಗಮನಿಸಿ: 20 ಡಿಬಿಝಡ್‌ನಿಂದ (ಪ್ರತಿಧ್ವನಿಯ ಬಲದ ಅಳತೆ) ಶುರುವಾದರೆ ಹಕ್ಕಿಗಳ ಬಹುಪಾಲು ಚಿತ್ರಕ್ಕೇ ಬರೋದಿಲ್ಲ.

ಹಕ್ಕಿಯೋ ಹುಳವೋ ಅನ್ನೋದನ್ನ ವೇಗ ಹೇಳುತ್ತೆ. ಹೊತ್ತು ಮುಳುಗಿ ಅರ್ಧ ಗಂಟೆಗೆ ಎರಡೂ ಏಳುತ್ತವೆ, ಹಾಗಾಗಿ ಸಮಯ ನೋಡಿ ತೀರ್ಮಾನಿಸಬೇಡಿ. ಹೈದರಾಬಾದ್‌ನ ಸಂಜೆ 5:30 ಮತ್ತು ಬೆಳಗಿನ 5:30ರ ಬಲೂನ್ ಮಾಪನದಲ್ಲಿ 925, 850 ಹೆಕ್ಟೊಪಾಸ್ಕಲ್ ಒತ್ತಡದ ಮಟ್ಟದ (ಸುಮಾರು ಮುಕ್ಕಾಲು, ಒಂದೂವರೆ ಕಿ.ಮೀ. ಎತ್ತರದ) ಗಾಳಿ ತಗೊಳ್ಳಿ. ರಾಡಾರ್ ತೋರಿಸುವ ಚಲನೆಯಿಂದ ಗಾಳಿಯನ್ನು ದಿಕ್ಕು ಸಮೇತ ಕಳೆಯಿರಿ. ಉಳಿದದ್ದು ಸೆಕೆಂಡಿಗೆ 5 ಮೀ. ಒಳಗಿದ್ದರೆ ಬಹುತೇಕ ಹುಳ. 8 ದಾಟಿದರೆ ಹಕ್ಕಿ. ನಡುವೆ ಬಂದರೆ ಎರಡರ ಕಲಬೆರಕೆ ಅಂತ ಬರೆದಿಡಿ, ಎಳೆದಾಡಬೇಡಿ. ಗಾಳಿಗಾಗಿ ರಾಡಾರ್‌ನದೇ ವಿವಿಪಿ ಚಿತ್ರ (ಎತ್ತರಕ್ಕೆ ತಕ್ಕಂತೆ ಗಾಳಿ ತೋರಿಸುವುದು) ಬಳಸಲೇಬಾರದು: ಅದು ಅಳೆಯೋದೂ ಇದೇ ಹಕ್ಕಿಗಳ ಚಲನೆಯನ್ನೇ, ಕಳೆದರೆ ಸೊನ್ನೆ ಬರುತ್ತೆ!

ಮತ್ತೆ ಪ್ರಶ್ನೆ (ಕಲಬುರಗಿ)
ಪಿಪಿಐ-ವಿ ನೋಡ್ದೆ. ಉತ್ತರದಾಗ "ಹತ್ತಿರ ಬರೋ" ಬಣ್ಣದ ನಡುವ ಒಮ್ಮೆಲೆ "ದೂರ ಹೋಗೋ" ಬಣ್ಣದ ತುಂಡು ಅದ. ಹಕ್ಕಿ ಹಿಂದಕ್ಕ ಹೊಂಟಾವೇನ್ರಿ?

ಉತ್ತರ (ಬೀದರ್)
ಇಲ್ಲ, ವೇಗ ಮಡಚಿಕೊಂಡಿದೆ: ಅಳತೆಯ ಮಿತಿ ದಾಟಿದ ವೇಗ ಉಲ್ಟಾ ದಿಕ್ಕಿನದಾಗಿ ಕಾಣುತ್ತೆ. 10 ಸೆಂ.ಮೀ. ತರಂಗಕ್ಕೆ ಸೆಕೆಂಡಿಗೆ 600 ಸ್ಪಂದನವಾದರೆ ಅಳೆಯಬಹುದಾದ ವೇಗದ ಮಿತಿ ಸೆಕೆಂಡಿಗೆ ±15 ಮೀ. ಹಿಂಗಾಳಿ ಸಿಕ್ಕ ಹಕ್ಕಿ 17ರಲ್ಲಿ ಹತ್ತಿರ ಬಂದರೆ 13ರಲ್ಲಿ ದೂರ ಹೋದಂತೆ ಕಾಣುತ್ತೆ. ಚಿತ್ರದ ಪಟ್ಟಿಯಲ್ಲಿರುವ ಮಿತಿ ನೋಡಿ, ಅದರ ಎರಡು ಪಟ್ಟು ಕಳೆದು ಸರಿಪಡಿಸಿ. ನಡುವೆ ಸೊನ್ನೆಯ ಬಣ್ಣ ಬಾರದೆ ನೇರ ಜಿಗಿದಿದ್ದರೆ ಮಡಚಿದ್ದೇ. ವೇಗ ಎಲ್ಲೆಡೆ ಸೊನ್ನೆ ಇದ್ದರೆ ಅದು ನೆಲದ ಪ್ರತಿಧ್ವನಿ. ಚಳಿಗಾಲದ ತಿಳಿ ರಾತ್ರಿ ಕಿರಣ ಕೆಳಕ್ಕೆ ಬಾಗಿ ದೂರದ ಗುಡ್ಡಗಳೂ ಹಾಗೇ ಕಾಣುತ್ತವೆ.

ಕಲಬುರಗಿ ಮೇಲಿನದ್ದೇ ಬೇಕಂದ್ರೆ ರಾಡಾರ್ ಬಿಟ್ಟು, ಹುಣ್ಣಿಮೆ ಆಸುಪಾಸು 20–30 ಪಟ್ಟಿನ ಸ್ಪಾಟಿಂಗ್ ಸ್ಕೋಪನ್ನು ಚಂದ್ರನ ಮೇಲೆ ಫೋಕಸ್ ಮಾಡಿ, ಬಿಂಬ ದಾಟುವ ನೆರಳುಗಳನ್ನು ದಿಕ್ಕು ಸಮೇತ ಎಣಿಸಿ.